ನೀರುನಾಯಿಯ ಸಂಸಾರ

"ಆ ಫೋಟೋ ಮುದುಕಂದಲ್ಲ! ಅವನ ಹೆಂಡ್ತಿದು!"

ಫೋನಿನಲ್ಲಿ ಆ ಮನುಷ್ಯ ಕಿರುಚಿದ ರಭಸಕ್ಕೆ ಭೂತಗನ್ನಡಿ ರಿಸೀವರನ್ನು ಕಿವಿಯಿಂದ ದೂರ ಹಿಡಿದ. ನೀವು ಯಾರು, ಸಾಕ್ಷಿ ಏನು ಎಂದು ಕೇಳಿದ. ಯಾವುದಕ್ಕೂ ಉತ್ತರವಿಲ್ಲ. ಹೇಳಿದ್ದನ್ನೇ ಇನ್ನೊಮ್ಮೆ ಕಿರುಚಿ ಆ ಮನುಷ್ಯ ಫೋನ್ ಇಟ್ಟುಬಿಟ್ಟ.

ಭೂತಗನ್ನಡಿ ಎಂಬುದು ಛಾಯಾಗ್ರಾಹಕರು ಆ ತೀರ್ಪುಗಾರನಿಗೆ ಇಟ್ಟಿದ್ದ ಹೆಸರು. ಕಾಡುಜೀವಿಗಳ ಚಿತ್ರಸ್ಪರ್ಧೆಯಲ್ಲಿ ಅವನ ಕಣ್ಣಿಗೆ ಮಣ್ಣೆರಚಿದವರಿಲ್ಲ. ಹೊಟ್ಟು ತುಂಬಿದ ಸತ್ತ ಗೂಬೆಯನ್ನು ಕೊಂಬೆಗೆ ಕಟ್ಟಿ ಚಿತ್ರ ತೆಗೆದವನನ್ನು ಹಿಡಿದದ್ದು ಅವನೇ. ಗೂಬೆಯ ಕಾಲಲ್ಲಿ ಅಂಗಡಿಯ ಚೀಟಿ ಉಳಿದಿತ್ತು.

ಈ ಸಲದ ಮೊದಲ ಬಹುಮಾನ ಮರಿಯ ಬಾಯಿಗೆ ಮೀನು ಕೊಡುತ್ತಿದ್ದ ತಾಯಿ ನೀರುನಾಯಿಯ ಚಿತ್ರಕ್ಕೆ. ಕಳಿಸಿದ್ದವನು ಒಬ್ಬ ಮುದುಕ. ಪ್ರಶಸ್ತಿ ಕೊಡುವುದಷ್ಟೇ ಬಾಕಿ. ದೂರು ನಿಜವಾದರೆ ಮುದುಕನ ಮಾನ ಬೀದಿಪಾಲು. ನೀವು ಕೆಲಸ ಮಾಡುವುದನ್ನು ನೋಡಬೇಕು ಎಂದಷ್ಟೇ ಮುದುಕನಿಗೆ ತಿಳಿಸಿ ಭೂತಗನ್ನಡಿ ಅವನ ಊರಿಗೆ ಹೊರಟ.

ಬಾಗಿಲು ತೆರೆದದ್ದು ಹೆಂಡತಿ.

"ಪ್ರಶಸ್ತಿಯವರಾ? ಬನ್ನಿ. ಹೊಸಿಲು ಎತ್ತರ ಇದೆ, ಎಡವೀರಿ."

ಅವನು ಎಡವಿದ. ಆಕೆ ಎಡವಲಿಲ್ಲ. ಕಾಫಿ ತಂದು ಸರಿಯಾಗಿ ಅವನ ಕೈಗೇ ಕೊಟ್ಟಳು. ಮಾತಾಡುವಾಗ ಮಾತ್ರ ಅವನ ಮುಖ ನೋಡಲಿಲ್ಲ. ತಪ್ಪು ಮಾಡಿದವರು ಮುಖ ನೋಡುವುದಿಲ್ಲ ಎಂಬುದು ಭೂತಗನ್ನಡಿಯ ಇಷ್ಟು ವರ್ಷದ ಅನುಭವ.

ಗೋಡೆಯ ತುಂಬ ಸಂಸಾರಗಳು. ಪೊಟರೆಯ ಬಾಯಲ್ಲಿ ಮಂಗಟ್ಟೆ ಹಕ್ಕಿಗಳ ಜೋಡಿ, ಬೆನ್ನ ಮೇಲೆ ಮರಿ ಹೊತ್ತ ಕರಡಿ, ಗೂಡಿನಲ್ಲಿ ಬಾಯಿ ತೆರೆದ ಕೊಕ್ಕರೆ ಮರಿಗಳು. ಒಂದು ಚೌಕಟ್ಟು ಸೊಟ್ಟಗಿತ್ತು. ಆಕೆ ಅದರ ಧೂಳನ್ನು ಸೆರಗಿನಿಂದ ಒರೆಸಿ, ಸೊಟ್ಟಗೇ ಬಿಟ್ಟಳು.

"ಇದರಲ್ಲಿ ನಿಮಗೆ ಯಾವುದು ಇಷ್ಟ ಅಮ್ಮಾ?" ಭೂತಗನ್ನಡಿ ಬಲೆ ಬೀಸಿದ.

"ನನಗೆ ಎಲ್ಲಾ ಒಂದೇ."

ಬಲು ಜಾಣೆ, ಎಂದುಕೊಂಡ.

ಒಳಗಿನಿಂದ ಮುದುಕ ಕ್ಯಾಮೆರಾ ಹೊತ್ತು ಬಂದ. "ಹೊರಡೋಣ್ವಾ?" ಎಂದು ಕೇಳಿದ್ದು ಇಡೀ ಬೀದಿಗೆ ಕೇಳಿಸಿತು.

"ಇವರಿಗೆ ಕಿವಿ ಮಂದ," ಹೆಂಡತಿ ಹೇಳಿದಳು. "ತಮಗೆ ಕೇಳಲ್ಲ ಅಂತ ಊರಿಗೆಲ್ಲಾ ಕೇಳಿಸ್ತಾರೆ."

ನದಿಯವರೆಗೂ ಆಕೆ ಗಂಡನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಡೆದಳು. ಎತ್ತು ಮುಂದೆ, ಹೊಡೆಯುವವಳು ಹಿಂದೆ. ಮನೆಯ ಲಗಾಮು ಯಾರ ಕೈಯಲ್ಲಿದೆ ಎಂದು ತಿಳಿಯಲು ಭೂತಗನ್ನಡಿಯೇ ಬೇಕಿರಲಿಲ್ಲ.

ದಡದಲ್ಲಿ ಗೋಣಿತಟ್ಟಿನ ಮರೆ. ಮುದುಕ ಕಂಡಿಗೆ ಲೆನ್ಸ್ ಇಟ್ಟ. ಹೆಂಡತಿ ಅವನ ಪಕ್ಕದಲ್ಲಿ, ನದಿಗೆ ಬೆನ್ನು ಹಾಕಿ ಕೂತಳು.

ಇದೆಲ್ಲ ನನ್ನೆದುರಿನ ನಾಟಕ, ಎಂದುಕೊಂಡ ಭೂತಗನ್ನಡಿ. ನಾನಿಲ್ಲದಾಗ ಕ್ಯಾಮೆರಾ ಹಿಂದೆ ಕೂರುವವಳು ಇವಳೇ.

ನದಿ ಸುಮ್ಮನೆ ಹರಿಯುತ್ತಿತ್ತು. ಆಕೆ ಗಂಡನ ಎಡ ಹೆಗಲನ್ನು ಒತ್ತಿದಳು. ಲೆನ್ಸ್ ಎಡಕ್ಕೆ ತಿರುಗಿತು. ಅಲ್ಲಿ ಬರೀ ಜೊಂಡು. ತುಸು ಹೊತ್ತಿಗೆ ಜೊಂಡು ಸೀಳಿಕೊಂಡು ತಾಯಿ ನೀರುನಾಯಿ ತಲೆ ಎತ್ತಿತು. ಹಿಂದೆ ಮರಿಗಳು. ಆಕೆ ಬೆರಳಿನಿಂದ ತಟ್ಟಿದಳು. ಕ್ಯಾಮೆರಾ ಚಟಪಟನೆ ಸದ್ದು ಮಾಡಿತು. ಆಮೇಲೆ ಬಲ ಹೆಗಲು. ಮಿಂಚುಳ್ಳಿಯೊಂದು ಮೀನಿನೊಡನೆ ಬಂದು, ಕಾದು ಕೂತಿದ್ದ ಲೆನ್ಸಿನ ಮುಂದೆಯೇ ಇಳಿಯಿತು.

ಭೂತಗನ್ನಡಿ ಎಲ್ಲಾದರೂ ಕನ್ನಡಿ ಬಚ್ಚಿಟ್ಟಿದ್ದಾರೆಯೇ ಎಂದು ಹುಡುಕಿದ. ಆಕೆಯ ಬಳೆ ನೋಡಿದ. ನೀರಿನ ಚೊಂಬನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿಯೂ ನೋಡಿದ. ಹೆಗಲಿನ ಮೇಲೆ ಬೆರಳು ಮತ್ತೆ ಆಡಿತು, ಮತ್ತೆ ತಪ್ಪಲಿಲ್ಲ.

"ಬೆನ್ನು ಹಾಕಿ ಕೂತು ಹೇಗಮ್ಮಾ ತಿಳೀತು?" ಕೊನೆಗೆ ಬಾಯಿಬಿಟ್ಟು ಕೇಳಿದ.

"ಮರಿಗಳು ಹಸಿದಾಗ ಕೂಗ್ತಾವೆ. ತಾಯಿ ಬಾಯಲ್ಲಿ ಮೀನಿದ್ರೆ ಅವಳ ಸಿಳ್ಳೆ ಮೊಂಡಾಗುತ್ತೆ. ಇವರಿಗೆ ಅದು ಕೇಳಲ್ಲ."

"ಹಾಗಾದ್ರೆ ದೂರು ನಿಜ. ಚಿತ್ರ ನಿಮ್ಮದೇ. ಇವರು ಬರೀ ಕ್ಯಾಮೆರಾ ನಿಲ್ಲಿಸೋ ಮುಕ್ಕಾಲಿ."

ಆಕೆ ನಕ್ಕಳು. "ದೂರು ಕೊಟ್ಟಿದ್ದು ಇವರೇ. ಪ್ರಶಸ್ತಿ ನನ್ನ ಹೆಸರಿಗೆ ಬರ್ಲಿ ಅಂತ. ಗುಟ್ಟಾಗಿ ಮಾಡಿದ್ರಂತೆ! ಅಡುಗೆಮನೇಲಿದ್ದ ನನಗೂ ಕೇಳಿಸ್ತು, ಪಕ್ಕದ್ಮನೆಯವರಿಗೂ ಕೇಳಿಸ್ತು."

ಏನು ಮಾತು ಎಂದು ಮುದುಕ ತಿರುಗಿ ನೋಡಿದ. ಆಕೆ ಅವನ ಬೆನ್ನು ತಟ್ಟಿದಳು. ಅವನು ಮತ್ತೆ ನದಿಯ ಕಡೆ ತಿರುಗಿದ.

ಭೂತಗನ್ನಡಿ ಗಂಟಲು ಸರಿಮಾಡಿಕೊಂಡ. "ಮುಂದಿನ ಚಿತ್ರದಿಂದ ನಿಮ್ಮಿಬ್ಬರ ಹೆಸರೂ ಹಾಕಿ. ಈ ಪ್ರಶಸ್ತೀನೂ ಇಬ್ಬರಿಗೇ ಕೊಡಿಸ್ತೀನಿ."

"ಕೊಡಿ. ಇಲ್ಲಾಂದ್ರೆ ಇವರು ಮತ್ತೆ ಫೋನ್ ಮಾಡ್ತಾರೆ."

ಅವನು ಮುದುಕನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಪರದೆಯನ್ನು ಆಕೆಯ ಮುಂದೆ ಹಿಡಿದ. "ನೋಡಿ, ಎಷ್ಟು ಚೆನ್ನಾಗಿ ಬಂದಿದೆ. ತಾಯಿ, ಹಿಂದೆ ಮೂರು ಮರಿ."

"ಮೂರೇನಾ? ನಾಲ್ಕಿರಬೇಕಲ್ಲ."

ಅವನು ಚಿತ್ರವನ್ನು ಹಿಗ್ಗಿಸಿದ. ಜೊಂಡಿನ ನೆರಳಿನಲ್ಲಿ ಮೀಸೆಯ ಮೂತಿಯೊಂದು ಇಣುಕುತ್ತಿತ್ತು. ಭೂತಗನ್ನಡಿಗೆ ತನ್ನ ಹೆಸರಿನ ಬಗ್ಗೆ ತುಸು ನಾಚಿಕೆಯಾಯಿತು.

"ನಾಲ್ಕೇ," ಎಂದು ಒಪ್ಪಿಕೊಂಡ. "ಇಷ್ಟೆಲ್ಲಾ ಗೊತ್ತಿರೋರು ಒಂದ್ಸಲ ನದಿ ಕಡೆ ತಿರುಗಿ ಕೂತಿದ್ರೆ ಎಷ್ಟು ಕಾಣ್ತಿತ್ತೋ!"

"ಹುಟ್ಟುಕುರುಡಿ ಯಾವ ಕಡೆ ತಿರುಗಿ ಕೂತರೇನು ಬಿಡಿ," ಎಂದಳು ಆಕೆ.