ಅರ್ಧ ಹೆಸರು

"ಒಬ್ಬರ ಕಿಡ್ನಿ ಹೊಂದುತ್ತೆ. ಆದ್ರೆ ಯಾರದು ಅಂತಾನೇ ಗೊತ್ತಾಗ್ತಿಲ್ಲ," ಎಂದಳು ನರ್ಸ್ ಬೆವರ್ಲಿ, ಪರದೆಯಿಂದ ಕಣ್ಣು ತೆಗೆಯದೆ. ಮಿಲ್ವಾಕಿಯ ಆ ಆಸ್ಪತ್ರೆಯ ಹಳೆಯ ಕಂಪ್ಯೂಟರಿಗೆ ಫೈಲಿನ ಹೆಸರಿನಲ್ಲಿ ಎಂಟಕ್ಷರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಡನೂಟಾ ಗ್ರಬೋವ್ಸ್ಕಿ, ಅವಳ ತಮ್ಮ ಝೆನೆಕ್ ಗ್ರಬೋವ್ಸ್ಕಿ ಇಬ್ಬರ ಪರೀಕ್ಷೆಯ ಫೈಲುಗಳೂ 'ಗ್ರಬೋವ್' ಎಂದು ಮೊಟಕಾಗಿ, ಬಾಲಕ್ಕೊಂದು ಡೊಂಕು ಗೆರೆ, ಅದರ ಮುಂದೆ ಒಂದು, ಎರಡು ಎಂಬ ಅಂಕಿ ಅಂಟಿಸಿಕೊಂಡು ನಿಂತಿದ್ದವು. ಹೊಂದಿದ್ದು ಒಂದನೆಯ ಫೈಲು; ಒಳಗೆ ತೆರೆದರೆ ಬರೀ ರಕ್ತದ ವಿವರ, ಹೆಸರಿಲ್ಲ. ಪಕ್ಕದ ವಾರ್ಡಿನಲ್ಲಿ ಎರಡೂ ಕಿಡ್ನಿ ಕೆಟ್ಟು ಮಲಗಿದ್ದ ಅವರ ಅಪ್ಪನ ಮುಖ ಊದಿಕೊಂಡು ಗುರುತೇ ಸಿಗದಂತಾಗಿತ್ತು.

"ಒಂದು ಅಂದ್ರೆ ದೊಡ್ಡವಳು ಅಂತ ಅಲ್ವಾ?" ಝೆನೆಕ್ ಆಸೆಯಿಂದ ಕೇಳಿದ.

"ಹಾಗೇನಿಲ್ಲಪ್ಪ. ಯಾವುದು ಮೊದಲು ಬಂತೋ ಅದಕ್ಕೆ ಒಂದು," ಎಂದು ಬೆವರ್ಲಿ ಪ್ರಯೋಗಾಲಯಕ್ಕೆ ಫೋನ್ ಹಚ್ಚಿದಳು.

ಡನೂಟಾ ಜಪಮಾಲೆಯನ್ನು ಬಿಗಿಯಾಗಿ ಹಿಡಿದಳು. 'ದೇವಮಾತೆ, ನನ್ನದನ್ನೇ ತಗೊಂಡು ಅಪ್ಪನ್ನ ಉಳಿಸು' ಎಂದು ವಾರವಿಡೀ ಬೇಡಿದ್ದ ತುಟಿಗಳು ಈಗ ಬೇರೇನನ್ನೋ ಜಪಿಸುತ್ತಿದ್ದವು. ಮನೆಯಲ್ಲಿ ಅಂಬೆಗಾಲಿಡುವ ತನ್ನ ಮಗು ಕಣ್ಣೆದುರು ಬಂದಿತ್ತು. ತಾನು ಏನು ಬೇಡುತ್ತಿದ್ದೇನೆಂದು ತಿಳಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಜಪ ನಿಲ್ಲಲಿಲ್ಲ.

ಬೆವರ್ಲಿ ಫೋನ್ ಕೆಳಗಿಟ್ಟಳು. "ನಿಮ್ಮದೇ ಕಣಮ್ಮಾ, ಡನೂಟಾ."

ಝೆನೆಕ್ ತಡೆದಿಟ್ಟ ಉಸಿರು ಬಿಟ್ಟದ್ದು ಇಬ್ಬರಿಗೂ ಕೇಳಿಸಿತು. ಮರುಕ್ಷಣವೇ ಅವನ ಮುಖ ಕೆಂಪೇರಿತು. "ಅಕ್ಕಾ, ನಾನು... ನಾನು ಹಾಗಲ್ಲ..."

"ಸುಮ್ನಿರೋ," ಎಂದು ಡನೂಟಾ ಅವನ ಕೈ ಹಿಡಿದಳು. "ನಾನೂ ನಿನ್ನ ಹೆಸರೇ ಬರ್ಲಿ ಅಂತ ಬೇಡ್ಕೊಳ್ತಿದ್ದೆ. ನಡಿ, ಅಪ್ಪಂಗೆ ಹೇಳೋಣ."