ಒಂದೇ ಹಳಿಯ ಮೇಲೆ ಮಾವ, ಅಳಿಯ

ಎಳವೆಯಲ್ಲಿ ತಾಯಿಯ ಅಡುಗೆಮನೆಯಿಂದ ಬರುತ್ತಿದ್ದ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ದೋಲ್ಮಾದ ಹುಳಿ ಘಮ ಎದುರು ನಿಂತ ಕುದುರೆ ಟ್ರಾಮಿನಿಂದ ತೇಲಿ ಬಂದಾಗ, ಈಚೆ ಟ್ರಾಮು ಓಡಿಸುತ್ತಿದ್ದ ಮುದುಕ ಜಾಸಿಬ್ ಬೈಗುಳವನ್ನು ಅರ್ಧಕ್ಕೇ ನುಂಗಿದ. ಬಾಗ್ದಾದಿನಿಂದ ಕಾಝಿಮಿಯಾಕ್ಕೆ ಇದ್ದದ್ದು ಒಂದೇ ಹಳಿ. ಎರಡು ಗಾಡಿಗಳು ಎದುರಾದರೆ ಕಡಿಮೆ ಜನರಿರುವುದು ಹಿಂದಕ್ಕೆ ಸರಿಯಬೇಕು. ಇಂದು ಎರಡರಲ್ಲೂ ತಲಾ ಹನ್ನೊಂದು ಜನ. ಎದುರಿನ ಗಾಡಿ ಅಳಿಯ ಮೆಹ್ದಿಯದು. ಮಾವನ ಕುದುರೆಯನ್ನು ಅವನು ಕತ್ತೆ ಎಂದಿದ್ದಕ್ಕೆ ಇಬ್ಬರೂ ಮಾತು ಬಿಟ್ಟು ಎರಡು ತಿಂಗಳಾಗಿತ್ತು.

“ಯಾರಾದ್ರೂ ಆ ಹುಡುಗನಿಗೆ ಹೇಳ್ರಪ್ಪ, ನನ್ನ ಕತ್ತೆಗೆ ಹಿಂದಕ್ಕೆ ಹೋಗೋದು ಗೊತ್ತಿಲ್ಲ ಅಂತ!” ಎಂದ ಜಾಸಿಬ್.

“ನನ್ನ ಕುದುರೆಗೂ ಗೊತ್ತಿಲ್ಲ ಅಂತ ಮಾವನಿಗೆ ಹೇಳಿ!” ಎಂದ ಮೆಹ್ದಿ.

“ನಿಮ್ಮ ಜಗಳ ಮುಗಿಯೋ ಹೊತ್ತಿಗೆ ನನ್ನ ಮೊಸರು ಹುಳಿಯಾಗುತ್ತೆ ಕಣ್ರೋ!” ಟ್ರಾಮಿನ ಮೇಲಂತಸ್ತಿನಿಂದ ಒಬ್ಬ ಮುದುಕಿ ಕೂಗಿದಳು.

ಆಗ ಮೆಹ್ದಿಯ ಗಾಡಿಯಿಂದ ಅವನ ಹೆಂಡತಿ, ಜಾಸಿಬನ ಮಗಳು ಫಹೀಮಾ, ಅಪ್ಪನಿಗೆಂದು ತಂದ ದೋಲ್ಮಾದ ಪಾತ್ರೆ ಹಿಡಿದು ಇಳಿದಳು. ನೇರವಾಗಿ ಬಂದು ಅಪ್ಪನ ಗಾಡಿ ಹತ್ತಿ ಕುಳಿತಳು. ಇಲ್ಲಿ ಹನ್ನೆರಡು, ಅಲ್ಲಿ ಹತ್ತು! ಜನ ಹೋ ಎಂದು ನಕ್ಕರು. ಮೆಹ್ದಿ ತಲೆ ತಗ್ಗಿಸಿ, ಕುದುರೆ ಬಿಚ್ಚಿ ಗಾಡಿಯ ಹಿಂದಿನ ತುದಿಗೆ ಕಟ್ಟತೊಡಗಿದ.

ಗೆದ್ದ ಜಾಸಿಬ್ ಮೀಸೆ ತಿರುವಿದ. ಆದರೆ ಅಳಿಯ ಬೆಳಗಿನಿಂದ ಏನೂ ತಿಂದಿಲ್ಲವೆಂದು ಅವನ ಬಾಡಿದ ಮುಖವೇ ಹೇಳುತ್ತಿತ್ತು. ಮುದುಕ ಮಗಳ ಕೈಯಿಂದ ದೋಲ್ಮಾದ ಪಾತ್ರೆ ತೆಗೆದುಕೊಂಡು, ಕೆಳಗಿಳಿದು ಹೋಗಿ, ಅದನ್ನು ಅಳಿಯನ ಕೈಗಿಟ್ಟ.