ಎಡಕ್ಕೆ ಬಿದ್ದ ಹೂವು

ಊರಮ್ಮನ ತಲೆಯ ಮೇಲೆ ಒದ್ದೆ ಕಣಗಲೆ ಹೂಗಳನ್ನು ಎರಡೂ ಕಡೆ ಮೆತ್ತಿ, ಪೂಜಾರಿ ಮಂಚಯ್ಯ ಪಕ್ಕಕ್ಕೆ ಸರಿದ. "ಮನಸ್ನಲ್ಲೇ ಕೇಳ್ಕಳಿ ಬೈರಮ್ಮಾರೆ. ಬಲಕ್ಕೆ ಬಿದ್ರೆ ಅಪ್ಪಣೆ, ಎಡಕ್ಕೆ ಬಿದ್ರೆ ಇಲ್ಲ. ಬಾಯ್ಬುಟ್ಟು ಏಳ್ಬಾರ್ದು."

ಬೈರಮ್ಮ ಕಣ್ಣು ಮುಚ್ಚಿದಳು. ಹಿಂದೆ ಮಗ ಚಿಕ್ಕಸ್ವಾಮಿ; ಅವನಿಂದ ದೂರಕ್ಕೆ, ಕಂಬದ ಹತ್ತಿರ, ಮೊಮ್ಮಗಳು ಪ್ರಮೀಳಾ. ಅಪ್ಪ ಮಗಳು ಮಾತು ಬಿಟ್ಟು ವಾರವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯನ್ನು ಪುಣೆ ಕಡೆಯ ಒಂದು ವಸತಿ ಶಾಲೆ ಊಟ, ಓದು ಎಲ್ಲ ಪುಕ್ಕಟೆ ಕೊಟ್ಟು ಕರೆದಿತ್ತು. ಪಿಯುಸಿ ಬದಲು ಎರಡು ವರ್ಷದ ಅಂತರರಾಷ್ಟ್ರೀಯ ಡಿಪ್ಲೊಮಾ. ನಾಳೆಯೇ ಒಪ್ಪಿಗೆ ಕಳಿಸಬೇಕು, ಅದಕ್ಕೆ ಅಪ್ಪನ ಸಹಿ ಬೇಕು.

ನಮ್ಮ ಕಡೆ ಓದೋ ಮಕ್ಕಳಿಗೆ ಇರುವುದು ಎರಡೇ ದಾರಿ: ಡಾಕ್ಟರು, ಇಂಜಿನಿಯರು. ಡಿಪ್ಲೊಮಾ ಅಂದರೆ ಪಾಲಿಟೆಕ್ನಿಕ್ಕು. "ಫಸ್ಟ್ ಕ್ಲಾಸ್ ಬಂದೋಳು ಡಿಪ್ಲೊಮಾ ಮಾಡಾಳಾ? ಕೆ.ಆರ್. ಪೇಟೇಲೇ ಸೈನ್ಸ್ ತಗಳ್ಲಿ" ಎಂದ ಚಿಕ್ಕಸ್ವಾಮಿ ಅಲ್ಲಿಂದ ಅಲ್ಲಾಡಿರಲಿಲ್ಲ. ಇದು ಆ ಡಿಪ್ಲೊಮಾ ಅಲ್ಲ ಎಂದು ಹೇಳಿ ಹೇಳಿ ಪ್ರಮೀಳಾಗೆ ಸಾಕಾಗಿತ್ತು. ಕೊನೆಗೆ, ಊರಮ್ಮ ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿದ್ದರು. ಅವಳು ಅಳುತ್ತಲೇ ಒಪ್ಪಿದ್ದಳು.

ಗುಡಿಗೆ ಬರುವಾಗ ಬೈರಮ್ಮ, "ಅಲ್ಲಿ ಏನೇನ್ ಕಲುಸ್ತಾರವ್ವ?" ಎಂದು ಕೇಳಿದ್ದಳು.

"ಸೈನ್ಸು, ಲೆಕ್ಕ, ಚರಿತ್ರೆ, ನಾಟ್ಕನೂ ಅದೆ ಅಜ್ಜಿ. ಒಂದ್ ಕಲೀಬೇಕು ಅಂತ ಇನ್ನೊಂದ್ನ ಬುಡ್ಬೇಕಾಗಿಲ್ಲ."

"ಅಂಗೂ ಓದುಸ್ತಾರಾ?" ಎಂದಿದ್ದಳು ಮುದುಕಿ.

ಹೂವು ಬಿತ್ತು. ಎಡಕ್ಕೆ.

"ಆಯ್ತಲ್ಲ, ತಾಯೇ ಬ್ಯಾಡ ಅಂದ್ಬುಟ್ಲು" ಎಂದು ಚಿಕ್ಕಸ್ವಾಮಿ ಉಸಿರು ಬಿಟ್ಟ. ಗೆದ್ದೆ ಅಂತಲ್ಲ, ಮಗಳನ್ನು ಅಷ್ಟು ದೂರ ಕಳಿಸುವ ಹೆದರಿಕೆ ಕಳೆಯಿತು ಅಂತ. ಪ್ರಮೀಳಾ ಕಂಬಕ್ಕೆ ಹಣೆ ಒತ್ತಿದಳು.

"ತಡ್ಕಳ್ಲಾ" ಎಂದಳು ಬೈರಮ್ಮ. "ನಾನ್ ಏನ್ ಕೇಳ್ದೆ ಅಂತ ನಿಂಗೇನ್ಲಾ ಗೊತ್ತು?"

"ಕಳುಸ್ಬೋದಾ ಅಂತ ತಾನೇ ಅವ್ವ?"

"ಅಂಗಲ್ಲ. ಈ ಮಗೀನ ಇಲ್ಲೇ ಇರುಸ್ಕಳಾನಾ ತಾಯಿ ಅಂತ ಕೇಳ್ದೆ. ಬ್ಯಾಡ ಅಂದ್ಲು."

ಚಿಕ್ಕಸ್ವಾಮಿ ಪೂಜಾರಿಯ ಮುಖ ನೋಡಿದ. "ಎಲ್ಡ್ನೇ ಸಲ ಕೇಳಂಗಿಲ್ಲ ಕಣಪ್ಪ" ಎಂದ ಮಂಚಯ್ಯ. ದೇವರ ಮುಂದೆ ನಿಂತು ಅವ್ವ ಸುಳ್ಳಾಡುವಳೇ? ಚಿಕ್ಕಸ್ವಾಮಿ ಮಗಳ ಕೈಯಿಂದ ಕಾಗದ ಇಸಿದುಕೊಂಡು, ಗುಡಿಯ ಜಗಲಿಯ ಮೇಲೆ ಕೂತೇ ಸಹಿ ಹಾಕಿದ. ಅವನ ಕಣ್ಣು ತುಂಬಿತ್ತು. ಪ್ರಮೀಳಾ ಹೋಗಿ ಅಪ್ಪನ ಪಕ್ಕ ಕೂತಳು.

ಒಳಗೆ ಬೈರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದಳು. ಎರಡೂ ಕೆನ್ನೆಗೆ ಬಡಿದುಕೊಂಡು ಅದನ್ನು ಊರಮ್ಮನ ಪಾದದ ಬಳಿ ಇಟ್ಟಳು.

"ಇದೇನ್ ಬೈರಮ್ಮಾರೆ?" ಎಂದ ಮಂಚಯ್ಯ.

"ಮೆಲ್ಲುಗ್ ಮಾತಾಡು" ಎಂದಳು ಬೈರಮ್ಮ. "ತಪ್ಪು ಕಾಣಿಕೆ."